ಸಿದ್ದಾಪುರದ ಮಳೆ, ಕಾಗದದ ಮೈಕ್ರೋಸ್ಕೋಪು, ಒಂದು ಚೀಲ ಕೊಳೆ ಅಡಿಕೆ

ಹೋಗಿ ಬಂದು ಹದಿನೈದು ದಿನ ಆಯ್ತು. ನನ್ನ ಬ್ಯಾಗಿನ ತಳದಲ್ಲಿ ಇನ್ನೂ ಕೊಳೆತ ಅಡಿಕೆ ವಾಸನೆ ಇದೆ. ಎರಡು ಸಲ ಒಗೆದಾಯ್ತು, ಹೋಗ್ತಿಲ್ಲ.

ನಾವು ಮೂರು ಜನ. ಒಬ್ಬ ಕೀಟಗಳ ಬಗ್ಗೆ ಓದಿದವನು, ಅವನನ್ನು ನಾವು ಹುಳದ ಡಾಕ್ಟ್ರು ಅಂತೀವಿ. ಇನ್ನೊಬ್ಬಳು ಬೆಂಗಳೂರಿನ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರ್. ನಾನು ದಿನಾ ಕಂಪ್ಯೂಟರ್ ಮುಂದೆ ಕೂರುವವನು. ತಂಡದಲ್ಲಿ ನನ್ನ ಕೆಲಸ ಚೀಲ ಹೊರುವುದು, ಫೋಟೊ ತೆಗೆಯುವುದು, ಮಕ್ಕಳು ಕೇಳುವ ಪ್ರಶ್ನೆ ಬರೆದುಕೊಳ್ಳುವುದು. ವರ್ಷಕ್ಕೆ ಒಂದೆರಡು ಸಲ ಹೀಗೆ ಹಳ್ಳಿ ಶಾಲೆಗಳಿಗೆ ಹೋಗಿ, ಸುತ್ತಮುತ್ತಲಿನ ಹುಳ, ಕಪ್ಪೆ, ಗಿಡ ನೋಡೋದು ಹೇಗೆ ಅಂತ ಮಕ್ಕಳ ಜೊತೆ ಕೂತು ನೋಡಿ ಬರ್ತೀವಿ.

ಈ ಸಲ ಜುಲೈ ಕೊನೆಯ ವಾರ ಆರಿಸಿಕೊಂಡಿದ್ದಕ್ಕೆ ಕಾರಣ ಪತಂಗ ಸಪ್ತಾಹ. 2012ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಶುರುವಾದ ಈ ವಾರವನ್ನು ಈಗ ನಮ್ಮಲ್ಲೂ ತುಂಬಾ ಜನ ಆಚರಿಸ್ತಾರೆ. ರಾತ್ರಿ ಬಿಳಿ ಬಟ್ಟೆ ಕಟ್ಟಿ, ದೀಪ ಹಾಕಿ, ಬಂದು ಕೂತ ಪತಂಗಗಳನ್ನು ಎಣಿಸೋದು. ನ್ಯೂಜೆರ್ಸಿಯವರಿಗೆ ಜುಲೈ ಅಂದರೆ ಬೇಸಿಗೆ. ಉತ್ತರ ಕನ್ನಡದ ಸಿದ್ದಾಪುರಕ್ಕೆ ಜುಲೈ ಅಂದರೆ ಆಕಾಶಕ್ಕೇ ತೂತು ಬಿದ್ದ ಕಾಲ. ಇದನ್ನು ನಾವು ಯೋಚನೆ ಮಾಡಿರಲಿಲ್ಲ ಅಂತಲ್ಲ. ಮಾಡಿದ್ದೆವು, ಆದರೆ ಬೆಂಗಳೂರಲ್ಲಿ ಒಣಗಿದ ನೆಲದ ಮೇಲೆ ಕೂತು ಮಾಡಿದ್ದೆವು.

ಗುರುವಾರ

ರಾತ್ರಿ ಬಸ್ಸು. ಸಾಗರ ದಾಟುವಾಗ ಎಚ್ಚರವಾಯ್ತು, ಕಿಟಕಿಯ ಸಂದಿಯಿಂದ ನೀರು ನನ್ನ ತೊಡೆ ಮೇಲೇ ಬೀಳ್ತಿತ್ತು. ಸಿದ್ದಾಪುರದಲ್ಲಿ ಇಳಿದಾಗ ಆರೂವರೆ, ಬೆಳಕು ಬಂದಿದೆಯೋ ಇಲ್ಲವೋ ಗೊತ್ತಾಗದಷ್ಟು ಮೋಡ. ಬಸ್‌ಸ್ಟ್ಯಾಂಡ್ ಪಕ್ಕದ ಹೋಟೆಲಲ್ಲಿ ಬಿಸಿ ಬನ್ಸು, ಕಾಯಿಚಟ್ನಿ, ಚಾ. ಬಾಳೆಹಣ್ಣು ಚೆನ್ನಾಗಿ ಕಳಿತಿದ್ದರೆ ಬನ್ಸಿಗೆ ಒಂದು ಸಿಹಿ ಬರುತ್ತಲ್ಲ, ಅದು ಬೆಂಗಳೂರಲ್ಲಿ ಎಷ್ಟು ದುಡ್ಡು ಕೊಟ್ಟರೂ ಸಿಗಲ್ಲ. ನಮ್ಮ ಬ್ಯಾಗಿನಿಂದ ಹೊರಗೆ ಚಾಚಿಕೊಂಡಿದ್ದ ಬಲೆಯ ಕೋಲು ನೋಡಿ ಹೋಟೆಲಿನವರು ಮೀನು ಹಿಡಿಯೋಕಾ ಅಂತ ಕೇಳಿದರು. ಹುಳ ನೋಡೋಕೆ ಅಂದೆ.

“ಹುಳ ನೋಡೂಕೆ ಬೆಂಗ್ಳೂರಿಂದ ಬಂದ್ರಾ? ನಮ್ಮನೆ ಬಚ್ಚಲಿಗೆ ಬನ್ನಿ, ಪುಕ್ಸಟ್ಟೆ ತೋರಿಸ್ತೆ.”

ನಾವು ಉಳಿದುಕೊಂಡಿದ್ದು ಊರಿಂದ ಎಂಟು ಕಿಲೋಮೀಟರ್ ದೂರದ ಹಳ್ಳಿಯಲ್ಲಿ, ರಿಟೈರ್ ಆದ ಮಾಸ್ತರರೊಬ್ಬರ ಮನೆಯಲ್ಲಿ. ಮೇಲೆ ಮನೆ, ಕೆಳಗೆ ಕಣಿವೆಯಲ್ಲಿ ಅಡಿಕೆ ತೋಟ. ಮೊದಲ ಶಾಲೆ ಅವರ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಏಳನೇ ಕ್ಲಾಸಿನವರೆಗೆ ಇರುವ ಸರ್ಕಾರಿ ಶಾಲೆ, ಒಟ್ಟು ಮೂವತ್ತೊಂದು ಮಕ್ಕಳು. ಬಿಇಒ ಕಚೇರಿಯಿಂದ ಅನುಮತಿ ಪತ್ರ ಮೊದಲೇ ತರಿಸಿಕೊಂಡಿದ್ದೆವು, ಅದಿಲ್ಲದೆ ಸುಮ್ನೆ ಹೋಗಿ ಗೇಟಿನ ಹತ್ತಿರ ನಿಂತರೆ ಪಾಪ ಶಾಲೆಯವರಿಗೇ ಇಕ್ಕಟ್ಟು.

ಶುರುವಿನಲ್ಲೇ ಎಡವಟ್ಟು. ನಮ್ಮ ಟೀಚರ್ ಮೂವತ್ತೈದು ಸ್ಲೈಡ್ ಮಾಡಿಕೊಂಡು ಬಂದಿದ್ದಳು. ಪ್ರೊಜೆಕ್ಟರ್ ಹಾಕಿದ ಎರಡೇ ನಿಮಿಷಕ್ಕೆ ಕರೆಂಟ್ ಹೋಯ್ತು. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಅನ್ನೋದು ನೆಂಟರ ಥರ, ಬಂದರೆ ಬಂತು. ಅವಳು ಸ್ಲೈಡ್ ಇಲ್ಲದೆ ಬಾಯಲ್ಲೇ ಪಶ್ಚಿಮ ಘಟ್ಟದ ಬಗ್ಗೆ ಹೇಳೋಕೆ ಶುರು ಮಾಡಿದಳು. 2012ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆ ತಾಣ ಅಂತ ಘೋಷಿಸಿತು, ಇಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸಿಗದ ಜೀವಿಗಳು ಇವೆ, ಗೊತ್ತಾಯ್ತಾ ಮಕ್ಕಳೇ? ಮಕ್ಕಳೆಲ್ಲ ಒಂದೇ ರಾಗದಲ್ಲಿ “ಹೌದು ಅಕ್ಕೋರೇ” ಅಂದರು. ಈ ಕಡೆ ಟೀಚರಿಗೆ ಅಕ್ಕೋರು ಅಂತಾರೆ. ಕೇಳೋಕೆ ಚಂದ. ಆದರೆ ಆ ರಾಗ ಬಂತು ಅಂದರೆ ಮಕ್ಕಳು ಕೇಳಿಸಿಕೊಳ್ತಿಲ್ಲ ಅಂತಲೇ ಅರ್ಥ, ಇದು ಎಲ್ಲ ಊರಲ್ಲೂ ಹಾಗೇ.

ಡಾಕ್ಟ್ರು ಎದ್ದು ಫೋಲ್ಡ್‌ಸ್ಕೋಪ್ ಹಂಚಿದ. ಮೂರು ಮಕ್ಕಳಿಗೆ ಒಂದು. ಇದು ಕಾಗದ ಮಡಚಿ ಮಾಡುವ ಮೈಕ್ರೋಸ್ಕೋಪು, ಸ್ಟ್ಯಾನ್‌ಫರ್ಡಿನ ಮನು ಪ್ರಕಾಶ್ ಮತ್ತು ಅವರ ಜೊತೆಯವರು ಮಾಡಿದ್ದು. ಚಿಕ್ಕ ಗಾಜಿನ ಗುಂಡೇ ಅದರ ಲೆನ್ಸು, 140 ಪಟ್ಟು ದೊಡ್ಡದಾಗಿ ಕಾಣುತ್ತೆ. ಒಂದೇ ಲೆನ್ಸಿನಲ್ಲಿ ನೋಡುವ ಉಪಾಯ ಹೊಸದೇನಲ್ಲ, ಮುನ್ನೂರೈವತ್ತು ವರ್ಷದ ಹಿಂದೆ ಹಾಲೆಂಡಿನಲ್ಲಿ ಲೇವನ್‌ಹುಕ್ ಅನ್ನುವ ಬಟ್ಟೆ ವ್ಯಾಪಾರಿ ಹೀಗೇ ನೋಡಿಕೊಂಡು ಕೂತಿದ್ದ. ಇದರ ಕಾಗದ ನೀರಿಗೆ ನೆನೆಯಲ್ಲ, ಹರಿಯಲ್ಲ. ಜುಲೈಯಲ್ಲಿ ಮಲೆನಾಡಿಗೆ ಹೊತ್ತುಕೊಂಡು ಹೋದ ಸಾಮಾನುಗಳಲ್ಲಿ ವಾಪಸ್ ಬರುವಾಗ ಬೂಷ್ಟು ಹಿಡಿಯದೆ ಇದ್ದದ್ದು ಇದೊಂದೇ.

ಮಡಚೋದಕ್ಕೆ ನಮ್ಮ ಬೆಂಗಳೂರಿನ ಮಕ್ಕಳಿಗೆ ಮುಕ್ಕಾಲು ಗಂಟೆ ಬೇಕಾಗುತ್ತೆ. ಇವರು ಇಪ್ಪತ್ತೇ ನಿಮಿಷಕ್ಕೆ ಮುಗಿಸಿದರು. ಆಮೇಲೆ ನೋಡೋಕೆ ಏನಾದ್ರೂ ತನ್ನಿ ಅಂದದ್ದೇ ತಡ, ಕ್ಲಾಸ್ ಖಾಲಿ. ಹೆಡ್‌ಮಾಸ್ತರ್ರು “ಮಳೆ, ಮಳೆ” ಅಂತ ಕೂಗಿದ್ದು ಯಾರಿಗೂ ಕೇಳಲಿಲ್ಲ. ಗೋಡೆಯ ಪಾಚಿ, ಸತ್ತ ಸೊಳ್ಳೆ, ದಾಸವಾಳದ ಹೂವಿನ ಪುಡಿ, ಟ್ಯಾಂಕಿನ ನೀರು, ತಲೆಕೂದಲು, ಹೇನು (ಯಾರ ತಲೆಯದು ಅಂತ ಒಂದು ಸಣ್ಣ ಜಗಳ). ಪಾಚಿಯಲ್ಲಿ ನೀರುಕರಡಿ ಸಿಗಬಹುದು ಅಂತ ಡಾಕ್ಟ್ರು ಆಸೆ ಹುಟ್ಟಿಸಿದ್ದ, ಎಂಟು ಕಾಲಿನ ಗುಂಡುಗುಂಡು ಜೀವಿ, ಅರ್ಧ ಮಿಲಿಮೀಟರ್ ಇರುತ್ತೆ. ಹತ್ತು ಸಲ ನೋಡಿದರೂ ಸಿಗಲಿಲ್ಲ. ದಾರದಂಥ ಒಂದು ಹುಳ ನುಲಿದುಕೊಂಡು ಹೋಗಿದ್ದು ಕಂಡಿತು, ಅಷ್ಟಕ್ಕೇ ಕಿರುಚಾಟ.

ಮಧ್ಯಾಹ್ನ ಮಕ್ಕಳ ಜೊತೆಗೇ ಬಿಸಿಯೂಟ. ಅನ್ನ, ಸೌತೆಕಾಯಿ ಸಾಂಬಾರು. ಅಡುಗೆಯವರು ನಮಗೆ ಅಂತ ಬೇರೆ ಮಿಡಿ ಉಪ್ಪಿನಕಾಯಿ ಬಡಿಸಿದರು, ಅದರ ಮೇಲೆ ಮಕ್ಕಳ ಕಣ್ಣು. ತಟ್ಟೆ ತೊಳೆಯುವಾಗ ಆರನೇ ಕ್ಲಾಸಿನ ಒಬ್ಬ ಹುಡುಗ ಪಕ್ಕಕ್ಕೆ ಬಂದು ನಿಂತ. ಬೆಳಗ್ಗೆಯಿಂದ ಒಂದು ಮಾತೂ ಆಡದವನು.

“ಸರ್, ಇದ್ರಲ್ಲಿ ಕೊಳೆ ಕಾಣ್ತದಾ?”

ನನಗೆ ಅರ್ಥ ಆಗಲಿಲ್ಲ. ಕೈಯ ಕೊಳೆಯಾ ಅಂದೆ. ಅವನು ನಾಚಿಕೊಂಡು ಓಡಿಹೋದ. ಆ ಶಾಲೆಯ ಅಕ್ಕೋರು ನಕ್ಕರು. ಕೊಳೆ ಅಂದರೆ ಅಡಿಕೆಯ ಕೊಳೆರೋಗ. ಅವನ ಅಪ್ಪ ಕೊನೆಗೌಡ, ಅಂದರೆ ಅಡಿಕೆ ಮರ ಹತ್ತಿ ಕೊನೆ (ಗೊನೆ) ಇಳಿಸುವ, ಔಷಧಿ ಹೊಡೆಯುವ ಕೆಲಸದವರು. ಒಂದು ಮರ ಹತ್ತಿದರೆ ಇಳಿಯದೆ ಮೇಲಿಂದಲೇ ಮರದಿಂದ ಮರಕ್ಕೆ ದಾಟಿಕೊಂಡು ಹೋಗ್ತಾರೆ, ನೋಡುವವರ ಎದೆ ಝಲ್ಲೆನ್ನುತ್ತೆ. ಮಳೆಗಾಲದ ಮೂರು ತಿಂಗಳು ಆ ಮನೆಯಲ್ಲಿ ಬೇರೆ ಮಾತೇ ಇರಲ್ಲ.

ನಾನು ಡಾಕ್ಟ್ರನ್ನು ಕೇಳಿದೆ. ಅವನು ಹುಳದವನು, ಬೂಷ್ಟಿನವನಲ್ಲ. “ಕಾಣಬೇಕು. ನೋಡಿಲ್ಲ. ತರೋಕೆ ಹೇಳು” ಅಂದ.

ಶುಕ್ರವಾರ

ಹಿಂದಿನ ರಾತ್ರಿ ಹತ್ತಕ್ಕೆ ಮಾಸ್ತರರ ಫೋನಿಗೆ ವಾಟ್ಸಾಪ್ ಬಂತು. ಮಳೆ ಜಾಸ್ತಿ ಇರುವುದರಿಂದ ನಾಳೆ ಶಾಲೆಗಳಿಗೆ ಡಿಸಿ ರಜೆ ಕೊಟ್ಟಿದ್ದಾರೆ. ನಮ್ಮ ಮುಖ ನೋಡಿ ಮಾಸ್ತರರು “ಎಂತ ಮಾಡ್ತೀರಿ, ಮಳೆ ಅಲ್ದಾ?” ಅಂದರು. ಜುಲೈಯಲ್ಲಿ ಈ ಕಡೆ ಕಾರ್ಯಕ್ರಮ ಇಟ್ಟುಕೊಳ್ಳುವವರು ಒಂದು ದಿನ ಖಾಲಿ ಇಟ್ಟುಕೊಂಡೇ ಬರಬೇಕು, ನಾವು ಇಟ್ಟಿರಲಿಲ್ಲ.

ಬೆಳಗ್ಗೆ ತೆಳ್ಳೇವು, ಜೋನಿಬೆಲ್ಲ, ತುಪ್ಪ. ಗಾಳಿಯಲ್ಲಿ ಹಾರಿಹೋಗುವಷ್ಟು ತೆಳ್ಳಗೆ ಹೊಯ್ಯುತ್ತಾರೆ, ಹತ್ತು ತಿಂದರೂ ತಿಂದ ಹಾಗಾಗಲ್ಲ. ಹೊರಗೆ ಅಂಗಳ ಕಾಣದಂಥ ಮಳೆ. ಕೈಕಟ್ಟಿ ಕೂತಿದ್ದಾಗ ದಣಪೆ (ಅಂಗಳದ ಗೇಟು) ದಾಟಿಕೊಂಡು ಮೂರು ಕಂಬಳಿಕೊಪ್ಪೆ, ಮಳೆಗೆ ತಲೆ ಮೇಲಿಂದ ಹೊದೆಯುವ ಕಂಬಳಿ, ನಡೆದು ಬಂದವು. ಒಳಗಿದ್ದದ್ದು ನಿನ್ನೆಯ ಹುಡುಗ, ಅವನ ತಂಗಿ, ಪಕ್ಕದ ಮನೆಯ ಇನ್ನೊಬ್ಬ. ಹುಡುಗನ ಕೈಯಲ್ಲಿ ಗೊಬ್ಬರದ ಪ್ಲಾಸ್ಟಿಕ್ ಚೀಲ. ಜಗಲಿ ಮೇಲೆ ಸುರಿದ. ಸುಮಾರು ನಲವತ್ತು ಕೊಳೆ ಅಡಿಕೆ. ವಾಸನೆ ಅಂದರೆ ವಾಸನೆ. ಮಾಸ್ತರರ ಮನೆಯಮ್ಮ ಒಳಗಿಂದಲೇ “ಅಲ್ಲೇ ಇರ್ಲಿ, ಒಳಗೆ ತರಬೇಡಿ” ಅಂದರು.

ಮುಂದಿನ ಮೂರು ಗಂಟೆ ನಾವು ಜಗಲಿ ಬಿಟ್ಟು ಏಳಲಿಲ್ಲ. ನನ್ನ ಪ್ರಕಾರ ಇಡೀ ಪ್ರವಾಸದಲ್ಲಿ ನಿಜವಾಗಿ ವಿಜ್ಞಾನ ನಡೆದದ್ದು ಆ ಜಗಲಿಯಲ್ಲೇ, ಅದೂ ರಜೆಯ ದಿನ.

ಮೊದಲ ಅಡಿಕೆಯ ಮೇಲಿನ ಬಿಳಿ ತುಪ್ಪಳವನ್ನು ಸೂಜಿಯಲ್ಲಿ ಕೆರೆದು, ಒಂದು ಹನಿ ನೀರಲ್ಲಿಟ್ಟು ಟೇಪ್ ಅಂಟಿಸಿ ನೋಡಿದರೆ ಒಂದೇ ಗೋಜಲು. ದಾರದ ಉಂಡೆ, ಕಪ್ಪು ಚುಕ್ಕೆಗಳು, ಏನೇನೋ. ಹುಡುಗ ಖುಷಿಯಾಗಿ “ಇದೇಯಾ?” ಅಂದ. ಹೌದು ಅಂದುಬಿಟ್ಟಿದ್ದರೆ ಅವತ್ತಿಗೆ ಕಥೆ ಮುಗೀತಿತ್ತು. ಡಾಕ್ಟ್ರು ಹಾಗನ್ನಲಿಲ್ಲ. ಇದು ಎಷ್ಟು ದಿನದ ಹಿಂದೆ ಉದುರಿದ್ದು ಅಂತ ಕೇಳಿದ. ಗೊತ್ತಿಲ್ಲ. ನೆಲದ ಮೇಲೆ ಬಿದ್ದು ವಾರ ಆದ ಅಡಿಕೆ ಮೇಲೆ ಊರಿನ ಬೂಷ್ಟೆಲ್ಲ ಬಂದು ಕೂತಿರುತ್ತೆ, ಸತ್ತಮೇಲೆ ಬಂದವರು ಯಾರು, ಸಾಯಿಸಿದವರು ಯಾರು ಅಂತ ಹೇಗೆ ಹೇಳೋದು? ಹುಡುಗ ಯೋಚನೆ ಮಾಡಿದ. ಪೊಲೀಸರ ಪ್ರಶ್ನೆ ಅಲ್ವಾ ಇದು, ಅವನಿಗೆ ರುಚಿ ಹತ್ತಿತು. ಸ್ವಲ್ಪ ಹೊತ್ತಿಗೆ ಅವನೇ ಹೇಳಿದ: “ಮರದ ಮೇಲೆ ಇದ್ದಾಗ್ಲೇ ತೆಗೀಬೇಕು. ನೀರು ಕುಡಿದಂಗೆ ಒಂದು ಕಲೆ ಬೀಳ್ತದೆ ಮೊದ್ಲು, ತೊಟ್ಟಿನ ಹತ್ರ. ಆವಾಗ್ಲೇ.”

ಡಾಕ್ಟ್ರು ನನ್ನ ಮುಖ ನೋಡಿದ. ಅದೇ ಸರಿಯಾದ ಉತ್ತರ. ಅಂಥ ಅಡಿಕೆ ಸಿಕ್ಕರೆ ಒದ್ದೆ ಬಟ್ಟೆ ಹಾಕಿದ ಡಬ್ಬಿಯಲ್ಲಿ ಎರಡು ದಿನ ಮುಚ್ಚಿಡು, ಭಾನುವಾರ ನೋಡೋಣ ಅಂತಾಯ್ತು.

ಮಾಸ್ತರರು ಅಷ್ಟರಲ್ಲಿ ಕುರ್ಚಿ ಎಳೆದುಕೊಂಡು ಕೂತಿದ್ದರು. ಕೊಳೆಗೆ ಕಾರಣ ಫೈಟಾಫ್ತೊರಾ ಅನ್ನುವ ಜೀವಿ. ನೋಡೋಕೆ ಬೂಷ್ಟಿನ ಥರ ಇದ್ದರೂ ನಿಜವಾದ ಶಿಲೀಂಧ್ರ ಅಲ್ಲ, ನೀರಲ್ಲಿ ಈಜುವ ಬೀಜ ಬಿಡುತ್ತೆ, ಅದಕ್ಕೇ ಮಳೆ ಎಡೆಬಿಡದೆ ಹೊಯ್ದರೆ ಹಬ್ಬ ಅದಕ್ಕೆ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ಕೊಳೆಸಿ ಕ್ಷಾಮ ತಂದದ್ದು ಇದರ ಅಣ್ಣತಮ್ಮನೇ. ನಮ್ಮ ಕಡೆ ಕೊಳೆರೋಗವನ್ನು ವಿವರವಾಗಿ ಕೂತು ಅಭ್ಯಾಸ ಮಾಡಿದವರು ಕೋಲ್ಮನ್ ಅನ್ನುವ ಕೆನಡಾದವರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದರು, 1910ರಲ್ಲಿ ಇದರ ಬಗ್ಗೆ ವರದಿ ಬರೆದು, ಬೋರ್ಡೋ ದ್ರಾವಣ ಹೊಡೆಯಿರಿ ಅಂತ ಹೇಳಿದರು. ನೂರು ವರ್ಷ ದಾಟಿತು, ಇವತ್ತಿಗೂ ತೋಟದಲ್ಲಿ ಹೊಡೆಯುವುದು ಅದನ್ನೇ.

ಬೋರ್ಡೋ ಮಾಡೋದು ಹೇಗೆ ಅಂತ ನಮ್ಮ ಟೀಚರ್ ಕೇಳಿದಳು. ಮಾಸ್ತರರು ಬಾಯಿ ತೆಗೆಯುವ ಮೊದಲು ಹುಡುಗನ ತಂಗಿ, ನಾಲ್ಕನೇ ಕ್ಲಾಸು, ಒಂದೇ ಉಸಿರಿಗೆ ಹೇಳಿದಳು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಬೇರೆ ಬೇರೆ ಕರಗಿಸಬೇಕು. ಆಮೇಲೆ ಕತ್ತಿ ಅದ್ದಿ ನೋಡಬೇಕು.

“ಕತ್ತಿ ಯಾಕೆ?”

“ಕೆಂಪಾದ್ರೆ ಸುಣ್ಣ ಸಾಲ್ಲಿಲ್ಲ ಅಂತ.”

ಟೀಚರ್ ಎದ್ದು ನಿಂತುಬಿಟ್ಟಳು. ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕದ ಮೊದಲನೇ ಪಾಠದಲ್ಲಿ ಇರೋದು ಇದೇ. ತಾಮ್ರದ ಸಲ್ಫೇಟ್, ಅಂದರೆ ಇದೇ ಮೈಲುತುತ್ತದ ದ್ರಾವಣದಲ್ಲಿ ಕಬ್ಬಿಣದ ಮೊಳೆ ಹಾಕಿದರೆ ಮೊಳೆಯ ಮೇಲೆ ತಾಮ್ರ ಬಂದು ಕೂರುತ್ತೆ. ಅವಳು ಹನ್ನೊಂದು ವರ್ಷದಿಂದ ಪಾಠ ಮಾಡ್ತಿದ್ದಾಳೆ, ಮಕ್ಕಳು ಸಮೀಕರಣ ಬರೀತಾರೆ, ಮೊಳೆ ಯಾವತ್ತೂ ಯಾರಿಗೂ ಬೇಕಾಗಿರಲಿಲ್ಲ. ಮಾಸ್ತರರು ಕೊಟ್ಟಿಗೆಯಿಂದ ಮೈಲುತುತ್ತ ತರಿಸಿದರು. ಎರಡು ತೆಂಗಿನ ಚಿಪ್ಪು. ಒಂದರಲ್ಲಿ ಸುಮ್ನೆ ಮೈಲುತುತ್ತದ ನೀರು, ಇನ್ನೊಂದರಲ್ಲಿ ಸುಣ್ಣ ಸರಿಯಾಗಿ ಬೆರೆಸಿದ್ದು. ಹಳೆ ಬ್ಲೇಡು ಮುರಿದು ಎರಡಕ್ಕೂ ಒಂದೊಂದು ತುಂಡು. ಕಾಯೋಕೆ ಆಗದೆ ಮಕ್ಕಳು ನಿಮಿಷಕ್ಕೊಂದು ಸಲ ಎತ್ತಿ ನೋಡಿದರು. ಮೊದಲನೇ ಚಿಪ್ಪಿನ ಬ್ಲೇಡು ಮಾಸಲು ಕೆಂಪಾಗಿತ್ತು, ಎರಡನೆಯದು ಹಾಗೇ ಹೊಳೀತಿತ್ತು. ಸುಣ್ಣ ಸಾಕಷ್ಟಿದ್ದರೆ ತಾಮ್ರ ಅದರ ಜೊತೆ ಸೇರಿ ತಳ ಹಿಡಿಯುತ್ತೆ, ಕಬ್ಬಿಣಕ್ಕೆ ಸಿಗಲ್ಲ, ಎಲೆ ಕಾಯಿಯನ್ನೂ ಸುಡಲ್ಲ. (ಮುಟ್ಟಿದ ಮೇಲೆ ಕೈ ತೊಳೆಯಿರಿ, ಚಿಪ್ಪನ್ನು ದೂರ ಬಿಸಾಕಿ. ಮೈಲುತುತ್ತ ವಿಷ, ಇದನ್ನೂ ಹೇಳಿದ್ದು ಆ ಹುಡುಗಿಯೇ, ನಮಗೆ.)

ಸಂಜೆ ಮಳೆ ಸ್ವಲ್ಪ ಹಿಡಿದುಕೊಂಡಿತು. ಪತಂಗದ ಪರದೆ ಕಟ್ಟೋಣ ಅಂತ ಬ್ಯಾಗ್ ತೆಗೆದರೆ ನಾನು ಬಿಳಿ ಬೆಡ್‌ಶೀಟನ್ನು ಬೆಂಗಳೂರಲ್ಲೇ ಮರೆತು ಬಂದಿದ್ದೆ. ಡಾಕ್ಟ್ರು ಬೈದ ಬೈಗುಳ ಇಲ್ಲಿ ಬೇಡ. ಮಾಸ್ತರರು ಒಳಗೆ ಹೋಗಿ ತಮ್ಮದೊಂದು ಬಿಳಿ ಪಂಚೆ ತಂದುಕೊಟ್ಟರು, ಜರಿ ಇರುವುದು. ಬೇಡ ಅಂದರೂ ಕೇಳಲಿಲ್ಲ. ಕೊಟ್ಟಿಗೆಯ ಮಾಡಿನ ಕೆಳಗೆ, ಇರಚಲು ಬಡಿಯದ ಕಡೆ ಹಗ್ಗ ಕಟ್ಟಿ ಹರಡಿದೆವು. ಏಳೂವರೆಗೆ ಕರೆಂಟ್ ಹೋಯ್ತು. ಇಡೀ ಕಣಿವೆ ಕತ್ತಲೆ. ಮಾಸ್ತರರಿಗೆ ಬೇಜಾರು, ಡಾಕ್ಟ್ರಿಗೆ ಪರಮಾನಂದ. ಬೇರೆ ದೀಪವೇ ಇಲ್ಲದಿದ್ದರೆ, ಮೇಲೆ ಮೋಡ ಕವಿದಿದ್ದರೆ, ಇದ್ದಬದ್ದ ಪತಂಗ ನಮ್ಮ ಬ್ಯಾಟರಿ ದೀಪಕ್ಕೇ ಬರಬೇಕು.

ಬಂದವು ಕೂಡ. ಒಂಬತ್ತು ಗಂಟೆಗೆ ಪಂಚೆಯ ಮೇಲೆ ಕೈಯಿಡಲು ಜಾಗ ಇರಲಿಲ್ಲ. ಒಣಗಿದ ಎಲೆಯಂಥದ್ದು, ಹಕ್ಕಿ ಹಿಕ್ಕೆಯಂಥದ್ದು, ಹುಲಿಪಟ್ಟೆಯದ್ದು, ಅಕ್ಕಿಕಾಳಿನಷ್ಟು ಚಿಕ್ಕದು. ಸುದ್ದಿ ಹಬ್ಬಿ ಸುತ್ತಲಿನ ಮನೆಗಳಿಂದ ಟಾರ್ಚ್ ಹಿಡಿದು ಹದಿನಾಲ್ಕು ಮಕ್ಕಳು, ಅವರ ಹಿಂದೆ ದೊಡ್ಡವರು. ಭಾರತದಲ್ಲಿ ಚಿಟ್ಟೆ ಸುಮಾರು 1,300 ಜಾತಿ, ಪತಂಗ 10,000ಕ್ಕೂ ಜಾಸ್ತಿ ಅಂದಾಗ ಯಾರೂ ನಂಬಲಿಲ್ಲ, ಪಂಚೆ ನೋಡಿ ನಂಬಿದರು. ರೆಕ್ಕೆಯ ಪುಡಿ ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತೆ ಅಂತ ಒಬ್ಬ ಅಜ್ಜಿ ಮೊಮ್ಮಗಳನ್ನು ಹಿಂದಕ್ಕೆ ಎಳೆದರು. ಆ ಪುಡಿಯನ್ನೇ ಟೇಪಿಗೆ ಅಂಟಿಸಿ ಫೋಲ್ಡ್‌ಸ್ಕೋಪಲ್ಲಿ ತೋರಿಸಿದೆವು. ಅಜ್ಜಿ ತುಂಬಾ ಹೊತ್ತು ನೋಡಿ, “ಹಂಚು ಇದ್ದಂಗೆ ಇದ್ಯಲ್ಲ ತಂಗಿ” ಅಂದರು. ಹೌದು, ಮಂಗಳೂರು ಹಂಚು ಹೊದೆಸಿದ ಹಾಗೆಯೇ, ಒಂದರ ಮೇಲೊಂದು.

ಹತ್ತು ಗಂಟೆಗೆ ಒಂದು ಚಂದ್ರ ಪತಂಗ ಬಂತು. ತಿಳಿಹಸಿರು, ಹಿಂದೆ ಎರಡು ಉದ್ದ ಬಾಲ. ಎಲ್ಲರೂ ಸುಮ್ಮನಾದರು. ಅದಕ್ಕೆ ತಿನ್ನುವ ಬಾಯಿಲ್ಲ, ಕಂಬಳಿಹುಳ ಆಗಿದ್ದಾಗ ತಿಂದದ್ದೇ ಬಂಡವಾಳ, ಕೆಲವೇ ದಿನ ಬದುಕಿ ಮೊಟ್ಟೆಯಿಟ್ಟು ಸಾಯುತ್ತೆ. ಬಾಲ ಯಾಕೆ ಅಂತ ಮಕ್ಕಳನ್ನೇ ಕೇಳಿದೆವು. ಚಂದಕ್ಕೆ. ಹಾರುವಾಗ ತೂಕಕ್ಕೆ. ಒಬ್ಬ “ಹಲ್ಲಿ ಹಂಗೆ, ಬಾಲ ಬಿಟ್ಟು ತಪ್ಪಿಸ್ಕಳೂಕೆ” ಅಂದ. ಹೆಚ್ಚುಕಮ್ಮಿ ಸರಿ. ಇದರ ಬಳಗದ ಲೂನಾ ಅನ್ನುವ ಪತಂಗದ ಬಗ್ಗೆ ಅಮೆರಿಕದಲ್ಲಿ ಮಾಡಿದ ಅಧ್ಯಯನ 2015ರಲ್ಲಿ ಬಂದಿದೆ, ಬಾವಲಿ ಶಬ್ದದಿಂದ ಗುರಿ ಹಿಡಿಯುವಾಗ ಆ ಬಾಲ ಅದನ್ನು ದಾರಿ ತಪ್ಪಿಸುತ್ತಂತೆ, ಮೈ ಬದಲು ಬಾಲಕ್ಕೆ ಬಾಯಿ ಹಾಕುತ್ತೆ.

ಹತ್ತೂವರೆಗೆ ದೀಪ ಆರಿಸಿದೆವು. ಇದನ್ನು ಮರೆಯಬಾರದು. ಬೆಳಗಿನವರೆಗೆ ಉರಿಸಿದರೆ ಪತಂಗಗಳು ಅಲ್ಲೇ ಕೂತಿರುತ್ತವೆ, ಹಕ್ಕಿಗಳಿಗೆ ಬಿಟ್ಟಿ ಊಟ.

ಶನಿವಾರ

ಶನಿವಾರ ಬೆಳಗಿನ ಶಾಲೆ. ಒಂದು ಹೈಸ್ಕೂಲಿನ ಇಪ್ಪತ್ತೆರಡು ಮಕ್ಕಳನ್ನು ಕತ್ತಲೆಕಾನು ಅನ್ನುವ ಕಾಡಿಗೆ ಕರೆದುಕೊಂಡು ಹೋಗುವುದು ಅಂತ ಮೊದಲೇ ಗೊತ್ತಾಗಿತ್ತು, ಅರಣ್ಯ ಇಲಾಖೆಯ ಅನುಮತಿಯೂ ಇತ್ತು. ಮಾವಿನಗುಂಡಿಯಿಂದ ಹೊನ್ನಾವರದ ಕಡೆ ಇಳಿಯುವ ರಸ್ತೆ. ದಾರಿಯಲ್ಲಿ ಜೋಗ ನೋಡೋಣ ಅಂತ ಐದು ನಿಮಿಷ ನಿಲ್ಲಿಸಿದೆವು. 253 ಮೀಟರ್ ಜಲಪಾತ, ಒಂದಡಿಯೂ ಕಾಣಲಿಲ್ಲ. ಪೂರ್ತಿ ಮಂಜು. ಗುಂಡಿಯೊಳಗಿಂದ ಸದ್ದು ಮಾತ್ರ. ಮಂಡಕ್ಕಿ ಮಾರುವವರು “ಕಾಯ್ರಿ, ಸರೀತದೆ” ಅಂದರು, ಮಂಡಕ್ಕಿ ಮುಗಿಯಿತು, ಮಂಜು ಸರಿಯಲಿಲ್ಲ.

ಕತ್ತಲೆಕಾನು ಹೆಸರಿಗೆ ತಕ್ಕ ಹಾಗೇ ಇದೆ. ಹನ್ನೊಂದು ಗಂಟೆಗೆ ಸಂಜೆ ಆರರ ಬೆಳಕು. ಇಲ್ಲಿ ರಾಮಪತ್ರೆ ಜಡ್ಡಿಗಳಿವೆ. ರಾಮಪತ್ರೆ ಅಂದರೆ ಜಾಜಿಕಾಯಿ ಬಳಗದ ಮಸಾಲೆ ಮರ, ಜಡ್ಡಿ ಅಂದರೆ ಸದಾ ನೀರು ನಿಂತ ಜೌಗು. ಆ ಕೆಸರಲ್ಲಿ ಬೇರಿಗೆ ಗಾಳಿ ಸಿಗಲ್ಲ, ಹಾಗಾಗಿ ಬೇರುಗಳು ಮೊಣಕಾಲು ಮಡಚಿದ ಹಾಗೆ ನೀರಿಂದ ಮೇಲೆದ್ದು ಮತ್ತೆ ಒಳಗೆ ಹೋಗುತ್ತವೆ. ಮಕ್ಕಳಲ್ಲಿ ಅರ್ಧ ಜನಕ್ಕೆ ರಾಮಪತ್ರೆ ಮನೆಯ ಡಬ್ಬಿಯಲ್ಲಿ ಗೊತ್ತು, ಮರ ಗೊತ್ತಿಲ್ಲ.

ಉಂಬಳದ ಬಗ್ಗೆ, ಅಂದರೆ ಕಾಡಿನ ಜಿಗಣೆ ಬಗ್ಗೆ ಹೇಳಲೇಬೇಕು. ನಾನು ಐದುನೂರು ರೂಪಾಯಿ ಕೊಟ್ಟು ಉಂಬಳದ ಕಾಲುಚೀಲ ತಂದಿದ್ದೆ. ಮಕ್ಕಳು ಬರಿಗಾಲಿಗೆ ಸುಣ್ಣ, ಹೊಗೆಸೊಪ್ಪಿನ ನೀರು ಸವರಿಕೊಂಡು ಬಂದಿದ್ದರು. ವಾಪಸ್ ಬಂದು ಎಣಿಸಿದಾಗ ನನಗೆ ಏಳು, ಅವರಲ್ಲಿ ಯಾರಿಗೂ ಎರಡಕ್ಕಿಂತ ಹೆಚ್ಚಿಲ್ಲ. ಒಂದಂತೂ ನನ್ನ ಕುತ್ತಿಗೆಗೆ. ಅದು ಬಿಟ್ಟ ಮೇಲೂ ರಕ್ತ ನಿಲ್ಲಲ್ಲ, ಹೆಪ್ಪುಗಟ್ಟದ ಹಾಗೆ ತಡೆಯುವುದೇನೋ ಅದರ ಜೊಲ್ಲಿನಲ್ಲಿರುತ್ತೆ. ಹಾಗಂತ ನಾನೇ ಮಕ್ಕಳಿಗೆ ಪಾಠ ಮಾಡಿದೆ, ಕುತ್ತಿಗೆಗೆ ಕರ್ಚೀಫ್ ಒತ್ತಿಕೊಂಡು.

ತೊರೆಯ ಪಕ್ಕ ನಿಂತು ಡಾಕ್ಟ್ರು ಕುಂಬಾರ ಕಪ್ಪೆಯ ಕಥೆ ಹೇಳಿದ. 2014ರಲ್ಲಿ ಕೆ.ವಿ. ಗುರುರಾಜ ಮತ್ತು ಅವರ ಸಂಗಡಿಗರು ಇದೇ ಕತ್ತಲೆಕಾನಿನ ಕಪ್ಪೆಯೊಂದನ್ನು ಹೊಸ ಜಾತಿ ಅಂತ ಜಗತ್ತಿಗೆ ತಿಳಿಸಿದರು. ಹೆಣ್ಣು ನೀರಿನ ಮೇಲೆ ಚಾಚಿದ ಕಡ್ಡಿಗೋ ತೊಗಟೆಗೋ ಮೊಟ್ಟೆ ಅಂಟಿಸಿ ಹೋಗುತ್ತೆ. ಆಮೇಲೆ ಗಂಡು ಹಿಂಗಾಲ ಮೇಲೆ ನಿಂತು, ಮುಂಗೈಯಲ್ಲಿ ತೊರೆಯ ತಳದ ಮಣ್ಣು ತಂದು ಮೊಟ್ಟೆಗೆ ಮೆತ್ತುತ್ತೆ, ಮಡಕೆ ಮಾಡುವವರ ಹಾಗೆ. ಒಣಗದಿರಲಿ ಅಂತಲೋ, ತಿನ್ನುವವರಿಗೆ ಕಾಣದಿರಲಿ ಅಂತಲೋ. ಅದಕ್ಕೇ ಅದರ ವೈಜ್ಞಾನಿಕ ಹೆಸರಿನಲ್ಲೇ ಕನ್ನಡ ಇದೆ, ನಿಕ್ಟಿಬಟ್ರಾಕಸ್ ಕುಂಬಾರ. ಹೆಸರು ಕೇಳಿ ಮಕ್ಕಳು ನಕ್ಕರು. “ಹೆಣ್ಣು ಕಪ್ಪೆ ಆರಾಮ ಹಂಗಾರೆ” ಅಂತ ಒಬ್ಬಳು ಹುಡುಗಿ ಅಂದಿದ್ದಕ್ಕೆ ಅಕ್ಕೋರೇ ಜೋರಾಗಿ ನಕ್ಕರು.

ಅದೇ ಹುಡುಗಿ ಸ್ವಲ್ಪ ಮುಂದೆ ಹೋಗಿ ಕರೆದಳು. ನೀರಿನ ಮೇಲೆ ಬಾಗಿದ ಒಂದು ಕಡ್ಡಿ, ಅದರ ಮೇಲೆ ಹೆಬ್ಬೆರಳ ಉಗುರಿನಷ್ಟು ಮಣ್ಣಿನ ತೇಪೆ. ಎಲ್ಲರೂ ಮುಗಿಬಿದ್ದರು. ಮೊಟ್ಟೆ ಇದೆಯಾ? ಕೆರೆದು ನೋಡಿದರೆ ಗೊತ್ತಾಗುತ್ತೆ, ಆದರೆ ಮೊಟ್ಟೆ ಇದ್ದರೆ ಕೆರೆದಲ್ಲಿಗೆ ಮುಗಿಯಿತು. ಮಳೆ ನೀರು ಹಾರಿಸಿದ ಕೆಸರೂ ಆಗಿರಬಹುದು. ಕಣಜದ ಹುಳ ಮೆತ್ತಿದ್ದೂ ಆಗಿರಬಹುದು. ಡಾಕ್ಟ್ರು ಹತ್ತು ನಿಮಿಷ ಮಂಡಿಯೂರಿ ನೋಡಿ ನಂಗೊತ್ತಿಲ್ಲ ಅಂದ. ಒಬ್ಬ ಹುಡುಗನಿಗೆ ತುಂಬಾ ನಿರಾಸೆ, ಬೆಂಗಳೂರಿಂದ ಬಂದು ಗೊತ್ತಿಲ್ಲ ಅಂದರೆ ಹೇಗೆ ಅಂತ ಅವನ ಮುಖದಲ್ಲೇ ಇತ್ತು. ಹುಡುಗಿ ಮಾತ್ರ ಕಡ್ಡಿಯ ಚಿತ್ರ ಬರೆದುಕೊಂಡಳು, ನೀರಿಂದ ಎಷ್ಟು ಎತ್ತರ ಅಂತ ಗೇಣಲ್ಲಿ ಅಳೆದಳು, ಒಂದು ಗೇಣು ನಾಲ್ಕು ಬೆರಳು. ಅದನ್ನು ಮುಟ್ಟದೆ ಬಂದೆವು.

ಭಾನುವಾರ

ಎದ್ದಾಗ ವಿಚಿತ್ರ ಅನಿಸಿತು. ಆಮೇಲೆ ಗೊತ್ತಾಯ್ತು, ಮಳೆ ಸದ್ದಿಲ್ಲ. ನಾಲ್ಕು ದಿನದಲ್ಲಿ ಮೊದಲ ಬಿಸಿಲು. ಮಾಸ್ತರರ ಪಂಚೆ ಒಗೆದು ಬಚ್ಚಲ ಒಲೆಯ ಮೇಲಿನ ಗಳುವಿಗೆ ಹಾಕಿದ್ದರು, ಒಣಗಿರಲಿಲ್ಲ, ಪತಂಗಗಳ ಕಂದು ಕಲೆಯೂ ಹೋಗಿರಲಿಲ್ಲ. ಮನೆಯಮ್ಮ ಹೇಳಿದರು, ಅದು ಮಗಳ ಮದುವೆಯಲ್ಲಿ ಉಟ್ಟಿದ್ದಂತೆ. ನಾನು ಒಂದೆಲಗದ ತಂಬುಳಿಯನ್ನು ತಲೆ ಎತ್ತದೆ ಕುಡಿದೆ. ಮಾಸ್ತರರು “ಇನ್ನೆಂತ ಮತ್ತೆ ಮದುವೆ ಆಗೂದಿಲ್ವಲ್ಲ” ಅಂತ ನಕ್ಕು ಹೊರಟರು.

ಹತ್ತು ಗಂಟೆಗೆ ಹುಡುಗ ಡಬ್ಬಿ ತಂದ. ಜೊತೆಗೆ ಅವನ ಅಪ್ಪ, ಸೊಂಟದಲ್ಲಿ ಕತ್ತಿ, ಹೆಗಲಲ್ಲಿ ಹಗ್ಗ, ಔಷಧಿ ಹೊಡೆಯೋಕೆ ಹೊರಟವರು. ಎರಡು ದಿನದಿಂದ ಮಗ ಒಲೆಯ ಪಕ್ಕ ಡಬ್ಬಿ ಇಟ್ಟುಕೊಂಡು ಕಾಯ್ತಿದ್ದಾನೆ, ಅದೇನು ನೋಡೇ ಹೋಗೋಣ ಅಂತ ಬಂದಿದ್ದರು. ಒಳಗೆ ಮೂರು ಅಡಿಕೆ. ಮೇಲೆ ತೆಳ್ಳಗೆ, ಅಚ್ಚ ಬಿಳಿ ಹತ್ತಿ ಹರಡಿದ ಹಾಗೆ. ಶುಕ್ರವಾರದ ಗೋಜಲಿಗೂ ಇದಕ್ಕೂ ಸಂಬಂಧವೇ ಇಲ್ಲ.

ಈ ಸಲ ಹುಡುಗನೇ ಸೂಜಿ ಹಿಡಿದ, ಹನಿ ಹಾಕಿದ, ಟೇಪ್ ಅಂಟಿಸಿದ. ಬೆಳಕಿನ ಕಡೆ ತಿರುಗಿ ಹೆಬ್ಬೆರಳಲ್ಲಿ ಸರಿಸುತ್ತಾ ಹುಡುಕಿದ. ಐದು ನಿಮಿಷ ಮಾತಿಲ್ಲ. ಆಮೇಲೆ “ನಿಂಬೆಹಣ್ಣು” ಅಂದ. ನಾನೂ ನೋಡಿದೆ. ಸ್ಪಷ್ಟವಾದ ದಾರಗಳು, ಅವುಗಳ ತುದಿಯಲ್ಲಿ ಅಲ್ಲೊಂದು ಇಲ್ಲೊಂದು ನಿಂಬೆಹಣ್ಣಿನ ಆಕಾರದ ಚೀಲ, ತುದಿಯಲ್ಲಿ ಸಣ್ಣ ಮೂತಿ. ಡಾಕ್ಟ್ರು ಫೋನಲ್ಲಿದ್ದ ಚಿತ್ರದ ಜೊತೆ ಹೋಲಿಸಿ ನೋಡಿದ, ಹೋಲುತ್ತೆ, ಪಕ್ಕಾ ಹೇಳೋಕೆ ಲ್ಯಾಬ್ ಬೇಕು ಅಂದ. ಈಜುವ ಬೀಜಗಳು ಹೊರಬರೋದು ಆ ಚೀಲದಿಂದಲೇ.

ಹುಡುಗ ಅಪ್ಪನಿಗೆ ಕೊಟ್ಟ. ಅವರಿಗೆ ಮೊದಲು ಏನೂ ಕಾಣಲಿಲ್ಲ, ರೆಪ್ಪೆ ಅಡ್ಡ ಬರ್ತಿತ್ತು. ಮಗ ಹಿಂದೆ ನಿಂತು ಅಪ್ಪನ ತಲೆ ಹಿಡಿದು ಬೆಳಕಿನ ಕಡೆ ತಿರುಗಿಸಿದ. ಇನ್ನೂ ಹತ್ತಿರ ಇಟ್ಕಳಿ, ಕಣ್ಣಿಗೆ ತಾಗಬೇಕು, ಹಾಂ, ಈಗ ನಿಧಾನ ಸರಿಸಿ.

“ಕಂಡ್ತು” ಅಂದರು. ತುಂಬಾ ಹೊತ್ತು ಕಣ್ಣು ತೆಗೆಯಲಿಲ್ಲ. “ಇಪ್ಪತ್ತೈದು ವರ್ಷ ಆಯ್ತು ಇದಕ್ಕೆ ಔಷಧಿ ಹೊಡೀತಾ. ಮುಖ ನೋಡಿದ್ದು ಇವತ್ತೇಯ.”

ಆಮೇಲೆ ಅವರು ಡಾಕ್ಟ್ರನ್ನು ಒಂದು ಪ್ರಶ್ನೆ ಕೇಳಿದರು. ಉದುರಿದ ಕೊಳೆ ಅಡಿಕೆಯನ್ನು ತೋಟದಲ್ಲೇ ಬಿಟ್ಟರೆ ಈ ನಿಂಬೆಹಣ್ಣು ಅಲ್ಲೇ ಇರುತ್ತಾ, ಮುಂದಿನ ವರ್ಷಕ್ಕೂ? ಉದುರಿದ್ದನ್ನು ಹೆಕ್ಕಿ ಹೊರಗೆ ಹಾಕಿ ಅಂತ ಎಲ್ಲರೂ ಹೇಳ್ತಾರೆ, ಹೆಕ್ಕುವ ಕೂಲಿ ಯಾರೂ ಕೊಡಲ್ಲ. ಹೆಕ್ಕೋದೇ ಒಳ್ಳೆಯದು ಅಂದ ಡಾಕ್ಟ್ರು. ಅವರು ಮಾಸ್ತರರ ಕಡೆ ತಿರುಗಿ ಸುಮ್ನೆ ನೋಡಿದರು. ಮಾಸ್ತರರು ಆಕಾಶ ನೋಡಿದರು. “ಬಿಸಿಲು ಹೋದೀತು, ನಡಿ ನಡಿ” ಅಂದರು.

ಅಪ್ಪ ತೋಟಕ್ಕಿಳಿದರು. ಹುಡುಗ ಡಬ್ಬಿ ಮುಚ್ಚಿ, ಮತ್ತೆ ಒದ್ದೆ ಬಟ್ಟೆ ಸುತ್ತಿ, ಫೋಲ್ಡ್‌ಸ್ಕೋಪನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹಿಂದೆಯೇ ಓಡಿದ. ನಾವು ಬಸ್ಸಿಗೆ ಹೊರಡುವವರೆಗೂ ಕೆಳಗಿನಿಂದ ಪಂಪಿನ ಸದ್ದು ಕೇಳ್ತಾ ಇತ್ತು.